ಮೀನು ಹಿಡಿಯುವ ಸ್ಪಿನ್ನಿಂಗ್ ರಾಡಿನ ತುಕ್ಕು ಹಿಡಿದ ಗೈಡ್ ತೆಗೆದು ಮನೆಯಲ್ಲೇ ಟೈಟಾನಿಯಂ ಗೈಡ್ ಕಟ್ಟಬಹುದೇ? ಗಾಳ ಇನ್ನೂ ದೂರ ಹೋಗುತ್ತದೆಯೇ?

ನಿಮ್ಮದು ಏಳಡಿಯ ರಾಡ್, ಮಲ್ಪೆಯ ಉಪ್ಪುಗಾಳಿ, ತುಕ್ಕು ಹಿಡಿದ ಮೂರು ಗೈಡ್. ಗೈಡ್ ಅಂದರೆ ದಾರ ಹಾಯುವ ರಿಂಗು, ಅದನ್ನು ಹಿಡಿದ ಲೋಹದ ಫ್ರೇಮ್. ನನ್ನ ಹಳೆಯ ರಾಡ್ ಕೂಡ ಹೀಗೇ ಇತ್ತು. ಗೈಡ್ ಬದಲಿಸಿ ಆರು ತಿಂಗಳಾಗಿತ್ತು, ಅಳಿವೆಬಾಗಿಲಿನ ಕಲ್ಲುಗಳ ಹತ್ತಿರ ಒಂದು ಸಾಧಾರಣ ಮುರು ಮೀನು ಎಳೆದದ್ದಕ್ಕೆ ಮೂರನೇ ಗೈಡಿನ ಬುಡದಲ್ಲೇ ಲಟಕ್ಕೆಂದು ಮುರಿಯಿತು.

ತಪ್ಪು ನನ್ನದು. ಗೈಡಿನ ಕಾಲನ್ನು ರಾಡಿಗೆ ಬಿಗಿದ ಹಳೆ ನೂಲು ತೆಗೆಯಲು ರಾಡಿನ ಸುತ್ತ ಬ್ಲೇಡ್ ಆಡಿಸಿದ್ದೆ. ಬ್ಲ್ಯಾಂಕ್‌ನಲ್ಲಿ, ಅಂದರೆ ಬರೀ ಕೋಲಿನಲ್ಲಿ, ಕಾರ್ಬನ್ ಎಳೆಗಳು ಹೆಚ್ಚಾಗಿ ಉದ್ದಕ್ಕೆ ಓಡುತ್ತವೆ. ಅಡ್ಡಕ್ಕೆ ಕೂದಲಿನಷ್ಟು ಗೀರು ಬಿದ್ದರೂ ಎಳೆ ತುಂಡಾಗುತ್ತದೆ; ರಾಡ್ ಬಾಗಿದಾಗ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ಮೇಲೆ ಹೊಸ ನೂಲು, ಎಪಾಕ್ಸಿ (ಎರಡು ಭಾಗ ಕಲಸಿ ಹಚ್ಚುವ ಅಂಟು) ಬಿದ್ದ ಮೇಲೆ ಗೀರು ಕಣ್ಣಿಗೆ ಕಾಣುವುದಿಲ್ಲ. ಎಪಾಕ್ಸಿ ಗೀರನ್ನು ತುಂಬುತ್ತದೆ, ಕಡಿದ ಎಳೆಯನ್ನು ಕೂಡಿಸುವುದಿಲ್ಲ.

ಹಾಗಾಗಿ ಬ್ಲೇಡ್ ಗೈಡಿನ ಕಾಲಿನ ಮೇಲೆ ಮಾತ್ರ, ಅದೂ ಉದ್ದಕ್ಕೆ. ಕೆಳಗೆ ಲೋಹ ಇರುವುದರಿಂದ ಕೋಲಿಗೆ ಪೆಟ್ಟಾಗದು. ಮೊದಲು ಹೇರ್ ಡ್ರೈಯರಿನಲ್ಲಿ ಉಗುರು ಒತ್ತಿದರೆ ಗುರುತು ಬೀಳುವಷ್ಟು ಬಿಸಿ ಮಾಡಿ. ಆಮೇಲೆ ನೂಲು ಸಿಪ್ಪೆಯಂತೆ ಬರುತ್ತದೆ. ಉಳಿದದ್ದನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಲ್ಲಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ.

ಟೈಟಾನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ. ಆದರೆ ಮೂರು ಗೈಡ್ ಬದಲಿಸಿ ದೂರ ಹೆಚ್ಚುತ್ತದೆಂದು ದುಡ್ಡು ಹಾಕಬೇಡಿ. ಮೊದಲು ಪ್ರತಿ ರಿಂಗಿನೊಳಗೆ ಒಂದು ಚೂರು ಹತ್ತಿ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ರಿಂಗ್ ಬಿರುಕು ಬಿಟ್ಟಿದೆ, ದಾರ ಕೊಯ್ಯುತ್ತದೆ, ಬದಲಿಸಲೇಬೇಕು. ಹತ್ತಿ ನುಣ್ಣಗೆ ತಿರುಗಿ ಫ್ರೇಮಿನ ಮೇಲೆ ಬರೀ ಕಲೆ ಇದ್ದರೆ ಮುಟ್ಟಬೇಡಿ. ಹೊಸದು ಬೇಕಾದರೆ 316 ದರ್ಜೆಯ ಸ್ಟೇನ್‌ಲೆಸ್ ಫ್ರೇಮ್, ಸೆರಾಮಿಕ್ ರಿಂಗ್ ಧಾರಾಳ ಸಾಕು.

ಹೊಸ ಗೈಡಿನ ಕಾಲಿನ ತುದಿಯನ್ನು ಅರದಲ್ಲಿ ಉಜ್ಜಿ, ಬೆರಳಾಡಿಸಿದರೆ ಮೆಟ್ಟಿಲು ಸಿಗದಷ್ಟು ತೆಳು ಮಾಡಿ. ಇಲ್ಲದಿದ್ದರೆ ನೂಲು ಅಲ್ಲಿ ಸಂದು ಬಿಡುತ್ತದೆ. ಅಡಿಭಾಗದ ಚೂಪು ಅಂಚನ್ನೂ ಮರಳು ಕಾಗದದಲ್ಲಿ ಸವರಿ, ಅದೂ ಕೋಲನ್ನು ಕಚ್ಚುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಎರಡು ಕಚ್ಚು ಕೊಯ್ದು ರಾಡ್ ಮಲಗಿಸಿ. ನೂಲನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಹಾಯಿಸಿದರೆ ಬಿಗಿ ಸಮ ಬರುತ್ತದೆ. ಕಾಲಿಗಿಂತ 3-4 ಮಿಲಿಮೀಟರ್ ಹೊರಗೆ ಶುರು ಮಾಡಿ ರಿಂಗಿನ ಕಡೆಗೆ ಸುತ್ತಿ. ಕೊನೆಗೆ ಎಂಟು ಸುತ್ತು ಬಾಕಿ ಇರುವಾಗ ಬೇರೆ ನೂಲಿನ ಕುಣಿಕೆ ಇಟ್ಟು ಅದರ ಮೇಲೆ ಸುತ್ತಿ, ತುದಿಯನ್ನು ಕುಣಿಕೆಗೆ ತೂರಿಸಿ ಕುಣಿಕೆಯನ್ನು ಎಳೆದುಬಿಡಿ. ಎಪಾಕ್ಸಿ ಹಚ್ಚುವ ಮೊದಲು ಹಿಡಿಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿ. ಗೈಡ್ ಓರೆಯಿದ್ದರೆ ಆಗ ಹೆಬ್ಬೆರಳಿನಿಂದ ಸರಿಸಬಹುದು, ಆಮೇಲೆ ಆಗದು.

ಸೂಪರ್ ಗ್ಲೂ ಬೇಡ, ಐದು ನಿಮಿಷದ ಎಪಾಕ್ಸಿಯೂ ಬೇಡ. ಹರಡುವ ಮೊದಲೇ ಗಟ್ಟಿಯಾಗುತ್ತದೆ. ರಾಡಿಗೆಂದೇ ಸಿಗುವ, ಬಾಗುವ ಎಪಾಕ್ಸಿಯ ಎರಡು ಭಾಗಗಳನ್ನು ಬೇರೆ ಬೇರೆ ಸಿರಿಂಜಿನಲ್ಲಿ ಅಳೆಯಿರಿ. ಸಮಪಾಲಿನದ್ದಾದರೆ ಮೂರು ಗೈಡಿಗೆ ಒಂದೊಂದರಿಂದ 1.5 ಮಿಲಿಲೀಟರ್ ಸಾಕು. ಕಣ್ಣಂದಾಜು ಮಾಡಿದರೆ ವಾರವಾದರೂ ಅಂಟಂಟು. ನಿಧಾನವಾಗಿ ನಾಲ್ಕು ನಿಮಿಷ ಕಲಸಿ ಅಲ್ಯೂಮಿನಿಯಂ ಫಾಯಿಲ್ ಮೇಲೆ ಸುರಿದರೆ ಗುಳ್ಳೆಗಳು ತಾವಾಗಿ ಒಡೆಯುತ್ತವೆ. ಹಚ್ಚಿದ ಮೇಲೆ ಮೊದಲ ಒಂದು ಗಂಟೆ ಎರಡು ಮೂರು ನಿಮಿಷಕ್ಕೊಮ್ಮೆ, ಆಮೇಲೆ ಹರಿಯುವುದು ನಿಲ್ಲುವ ತನಕ ಹತ್ತು ನಿಮಿಷಕ್ಕೊಮ್ಮೆ ರಾಡನ್ನು ಅರ್ಧ ಸುತ್ತು ತಿರುಗಿಸುತ್ತಿರಿ.

ಇನ್ನೊಂದು ಉಂಟು. ಜೂನ್-ಜುಲೈಯಲ್ಲಿ ಬೋಟಿಗೂ ರಜೆ, ನಮಗೂ ಪುರುಸೊತ್ತು, ಆಗಲೇ ಇದಕ್ಕೆ ಕೈ ಹಾಕುವ ಮನಸ್ಸಾಗುತ್ತದೆ. ಆ ತೇವಕ್ಕೆ ಎಪಾಕ್ಸಿಯ ಮೇಲೆ ಮಂಜಿನಂತಹ ಜಿಡ್ಡು ಪದರ ಕೂರುತ್ತದೆ. ನೂಲು ಸುತ್ತಿ ಇಟ್ಟುಕೊಳ್ಳಿ, ಎಪಾಕ್ಸಿ ಹಚ್ಚುವುದನ್ನು ಮಳೆ ಬಿಟ್ಟ ಮೇಲೆ ಒಣಗಿದ ದಿನ ನೋಡಿ ಮಾಡಿ.