ಖರ್ಚಿನ ಪಟ್ಟಿಗೆ ಮೊದಲು ಸಾಲದ ಪಟ್ಟಿಯನ್ನು ಬಿಚ್ಚಿಡಿ

ಪ್ರಶ್ನೆ: ನನಗೆ 46 ವರ್ಷ. ಖಾಸಗಿ ಕಂಪನಿಯೊಂದರಲ್ಲಿ ಕೆಲಸ. ಎರಡು ವರ್ಷದ ಹಿಂದೆ ಕೆಲಸ ಕಳೆದುಕೊಂಡು ಐದು ತಿಂಗಳು ಮನೆಯಲ್ಲಿದ್ದೆ. ಆಗ ಮನೆಯವರಿಗೆ ಯಾವ ಕೊರತೆಯೂ ಗೊತ್ತಾಗಬಾರದೆಂದು ಎರಡು ಕ್ರೆಡಿಟ್ ಕಾರ್ಡುಗಳ ಮೇಲೆ ಸಂಸಾರ ನಡೆಸಿದೆ, ಸ್ನೇಹಿತನೊಬ್ಬನಿಂದ ಕೈಗಡವನ್ನೂ ಪಡೆದೆ. ಈಗ ಸಂಬಳ ಬರುತ್ತಿದೆ, ಆದರೆ ಕಾರ್ಡುಗಳಿಗೆ ಪ್ರತಿ ತಿಂಗಳೂ ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತಿದ್ದೇನೆ. ಬಾಕಿ ಇಳಿದಂತೆಯೇ ಕಾಣುವುದಿಲ್ಲ. ಎಲ್ಲ ಸೇರಿ ಸಾಲ ನನ್ನ ನಾಲ್ಕು ತಿಂಗಳ ಸಂಬಳದಷ್ಟಿದೆ. ಹೆಂಡತಿಗೆ ಒಂದು ಕಾರ್ಡಿನ ವಿಷಯ ಮಾತ್ರ ಗೊತ್ತು, ಅಂದರೆ ಒಟ್ಟು ಸಾಲದ ಅರ್ಧಕ್ಕಿಂತಲೂ ಕಡಿಮೆ. ಒಂದು ತಿಂಗಳು ಕೈ ಬಿಗಿಹಿಡಿದರೆ ಎಲ್ಲವೂ ತೀರುತ್ತದೆಂದು ಹೇಳಿ, ಅವಳು ಬರೆದಿಟ್ಟ ತಿಂಗಳ ಸಾಮಾನಿನ ಪಟ್ಟಿಯಲ್ಲಿ ಅರ್ಧವನ್ನು ನಾನೇ ಪೆನ್ನಿನಿಂದ ಹೊಡೆದುಹಾಕಿದೆ. ಮರುದಿನ ನೋಡಿದರೆ ಪಟ್ಟಿಯ ಕೊನೆಯಲ್ಲಿದ್ದ ತನ್ನ ಬಿಪಿ ಮಾತ್ರೆಯ ಸಾಲನ್ನು ಅವಳೇ ಹೊಡೆದಿದ್ದಳು. ಕೇಳಿದ್ದಕ್ಕೆ ‘ಒಂದು ತಿಂಗಳು ತಾನೇ’ ಎಂದಳು. ಹತ್ತನೇ ತರಗತಿಯಲ್ಲಿರುವ ಮಗಳು ಶಾಲೆಯ ಪ್ರವಾಸಕ್ಕೆ ಹೋಗುವುದಿಲ್ಲ ಎನ್ನುತ್ತಿದ್ದಾಳೆ. ಬ್ಯಾಂಕಿನಲ್ಲಿ ಸಣ್ಣದೊಂದು ಠೇವಣಿ ಇದೆ, ಅದನ್ನು ಮುಟ್ಟಲು ಮನಸ್ಸಿಲ್ಲ. ಪೂರ್ತಿ ಸಾಲವನ್ನು ಹೇಳದೆಯೇ ಈ ತಿಂಗಳನ್ನು ಹೇಗಾದರೂ ದಾಟಬಹುದೇ?
– ಹೆಸರು ಬೇಡ

ಉತ್ತರ: ಮೊದಲು ಆ ಮಾತ್ರೆಗಳನ್ನು ತಂದುಕೊಡಿ. ಈ ಉತ್ತರದ ಉಳಿದ ಭಾಗವನ್ನು ಆಮೇಲೆ ಓದಿದರೂ ಆದೀತು. ವೈದ್ಯರನ್ನು ಕೇಳದೆ ರಕ್ತದೊತ್ತಡದ ಮಾತ್ರೆ ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ, ಮತ್ತು ಹಾಗೆ ಏರಿದ್ದು ಬಹಳ ಸಲ ಯಾವ ಸೂಚನೆಯನ್ನೂ ಕೊಡದೆ ಒಳಗೊಳಗೇ ಹೃದಯ, ಮಿದುಳು, ಮೂತ್ರಪಿಂಡಗಳಿಗೆ ಪೆಟ್ಟು ಕೊಡುತ್ತದೆ. ಈಗಾಗಲೇ ಕೆಲವು ದಿನ ತಪ್ಪಿದ್ದರೆ ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಮುಂದುವರಿಸಲಿ. ಔಷಧಿಯ ಖರ್ಚು ಈ ತಿಂಗಳ ಲೆಕ್ಕಕ್ಕೇ ಬರಬಾರದು ಎಂಬುದನ್ನು ನೀವೇ ಬಾಯಿಬಿಟ್ಟು ಅವರಿಗೆ ಹೇಳಬೇಕು. ಏಕೆಂದರೆ ನೀವು ಹೇಳದಿದ್ದರೆ ಅವರು ಕೇಳುವುದಿಲ್ಲ. ಪಟ್ಟಿಯಲ್ಲಿ ಆ ಸಾಲನ್ನು ಹೊಡೆದ ರೀತಿಯಲ್ಲೇ ಅದು ಗೊತ್ತಾಗುತ್ತದೆ.

ಇನ್ನು ನಿಮ್ಮ ಪ್ರಶ್ನೆ. ಹೇಳದೆ ದಾಟಲು ಆಗುವುದಿಲ್ಲ. ದಾಟಬಾರದು ಎಂದೂ ನಾನು ಹೇಳುತ್ತೇನೆ, ಆದರೆ ಅದಕ್ಕೂ ಮೊದಲು ಲೆಕ್ಕವೇ ಅದನ್ನು ಒಪ್ಪುವುದಿಲ್ಲ. ಸಾಲ ನಾಲ್ಕು ತಿಂಗಳ ಸಂಬಳದಷ್ಟಿದೆ. ಈ ತಿಂಗಳು ನೀವು ಎಷ್ಟೇ ಹೊಟ್ಟೆಬಟ್ಟೆ ಕಟ್ಟಿ ಸಂಬಳದ ಕಾಲು ಭಾಗವನ್ನು ಉಳಿಸಿದರೂ ಅದು ಒಟ್ಟು ಸಾಲದ ಹದಿನಾರನೇ ಒಂದು ಭಾಗ ಮಾತ್ರ. ತಿಂಗಳು ಮುಗಿದ ದಿನ ನಿಮ್ಮ ಪತ್ನಿ ‘ತೀರಿತಲ್ಲ’ ಎಂದು ನೆಮ್ಮದಿಯಿಂದ ಕೇಳಿದಾಗ ನಿಮ್ಮ ಬಳಿ ಎರಡೇ ದಾರಿ ಉಳಿಯುತ್ತವೆ: ಇನ್ನೊಂದು ಸುಳ್ಳು ಹೇಳಿ ಇನ್ನೊಂದು ತಿಂಗಳು ಕೇಳುವುದು, ಅಥವಾ ಇಂದು ಹೇಳಬೇಕಾದದ್ದನ್ನು ಆಗ ಹೇಳುವುದು. ಆಗ ಹೇಳಿದರೆ, ಸಾಲ ಮಾಡಿದ್ದಕ್ಕಿಂತ ಮಾತ್ರೆ ಬಿಟ್ಟು ಉಳಿಸಿದ ತಿಂಗಳನ್ನು ಸುಳ್ಳಿನ ಮೇಲೆ ಕಳೆಯಬೇಕಾಯಿತಲ್ಲ ಎಂಬುದೇ ಅವರಿಗೆ ಹೆಚ್ಚು ನೋಯುತ್ತದೆ.

ಕೆಲಸ ಹೋದಾಗ ಮನೆಯವರಿಗೆ ಕೊರತೆ ಗೊತ್ತಾಗಬಾರದೆಂದು ನೀವು ಸಾಲ ಮಾಡಿದಿರಿ. ಅದು ದುಂದುಗಾರಿಕೆಯಲ್ಲ, ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಅಂದು ಯಾರಿಗೆ ಕೊರತೆ ಕಾಣಬಾರದೆಂದು ಬಯಸಿದಿರೋ, ಇಂದು ಅವರ ಪಟ್ಟಿಯನ್ನೇ ಕಾರಣ ಹೇಳದೆ ಅರ್ಧಕ್ಕೆ ಇಳಿಸಿದ್ದೀರಿ. ಕಾರಣ ಗೊತ್ತಿಲ್ಲದ ಮಿತವ್ಯಯ ಮನೆಯವರಿಗೆ ಶಿಕ್ಷೆಯಂತೆ ಕಾಣುತ್ತದೆ. ನಾವೇನು ತಪ್ಪು ಮಾಡಿದೆವು ಎಂದು ಪ್ರತಿಯೊಬ್ಬರೂ ತಮ್ಮಲ್ಲೇ ಹುಡುಕುತ್ತಾರೆ. ಮಗಳು ಪ್ರವಾಸ ಬೇಡ ಎನ್ನುತ್ತಿರುವುದೂ ಇದೇ ಕಾರಣಕ್ಕೆ ಇರಬಹುದು.

ಹೇಳುವುದು ಹೇಗೆ ಎಂಬುದೇ ನಿಮಗೆ ನಿಜವಾದ ಕಷ್ಟ ಎಂದು ಭಾವಿಸುತ್ತೇನೆ. ಮಗಳು ಮನೆಯಲ್ಲಿಲ್ಲದ, ಇಬ್ಬರಿಗೂ ಆತುರವಿಲ್ಲದ ಹೊತ್ತನ್ನು ಆರಿಸಿಕೊಳ್ಳಿ. ರಾತ್ರಿ ಮಲಗುವ ಮುನ್ನ ಬೇಡ. ಅವರಿಗೆ ನಿದ್ದೆಗೆಡುವ ರಾತ್ರಿಯೊಂದನ್ನು ಕೊಟ್ಟಂತಾಗುತ್ತದೆ. ಎರಡೂ ಕಾರ್ಡುಗಳ ಇತ್ತೀಚಿನ ಬಿಲ್ಲುಗಳನ್ನೂ, ಸ್ನೇಹಿತನಿಗೆ ಕೊಡಬೇಕಾದ ಮೊತ್ತ ಬರೆದ ಚೀಟಿಯನ್ನೂ ಅವರ ಮುಂದಿಟ್ಟು, ಮೊದಲ ವಾಕ್ಯದಲ್ಲೇ ಪೂರ್ತಿ ಮೊತ್ತವನ್ನು ಹೇಳಿಬಿಡಿ. ಆಮೇಲೆ ಯಾವಾಗ, ಯಾವುದಕ್ಕೆ ಎಂಬುದನ್ನು ಹೇಳಿ. ಮೊತ್ತವನ್ನು ಕಡೆಗೆ ಇಟ್ಟುಕೊಂಡು ಪೀಠಿಕೆ ಹಾಕುತ್ತ ಹೋದರೆ, ಕೇಳುವವರು ಇನ್ನೂ ದೊಡ್ಡದೇನೋ ಇದೆ ಎಂದು ಹೆದರುತ್ತ ಕೂರುತ್ತಾರೆ. ಅವರು ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಆ ಸಿಟ್ಟಿಗೆ ಅವರಿಗೆ ಹಕ್ಕಿದೆ, ‘ನಿಮಗೋಸ್ಕರವೇ ತಾನೇ ಮಾಡಿದ್ದು’ ಎಂಬ ಮಾತಿನಿಂದ ಅದನ್ನು ಅಡಗಿಸಲು ಹೋಗಬೇಡಿ. ಖರ್ಚು ಇಳಿಸುವ ಮಾತನ್ನು ಅದೇ ದಿನ ಎತ್ತಬೇಡಿ. ಅದನ್ನು ಅವರೇ ಎತ್ತಿದರೆ ಒಳ್ಳೆಯದು, ಬಹುಶಃ ಎತ್ತುತ್ತಾರೆ ಕೂಡ, ಏಕೆಂದರೆ ಮನೆಯ ಖರ್ಚು ಎಲ್ಲಿ ಸೋರುತ್ತದೆ ಎಂಬುದು ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಬಾಕಿ ಏಕೆ ಇಳಿಯುತ್ತಿಲ್ಲ ಎಂಬುದನ್ನೂ ಇಬ್ಬರೂ ಒಟ್ಟಿಗೆ ಅರ್ಥ ಮಾಡಿಕೊಳ್ಳಬೇಕು. ಕಾರ್ಡಿನ ಬಡ್ಡಿ ತಿಂಗಳಿಗೆ ನೂರಕ್ಕೆ 3 ಎಂದಿಟ್ಟುಕೊಳ್ಳಿ. ಕೇಳಲು ಸಣ್ಣದು, ಆದರೆ ಚಕ್ರಬಡ್ಡಿಯಾಗಿ ಬೆಳೆದರೆ ಅದು ವರ್ಷಕ್ಕೆ ನೂರಕ್ಕೆ 42ನ್ನೂ ಮೀರುತ್ತದೆ. ಕನಿಷ್ಠ ಮೊತ್ತ ಬಾಕಿಯ ನೂರಕ್ಕೆ 5ರಷ್ಟಿದ್ದರೆ, ನೀವು ಕಟ್ಟಿದ ಐದರಲ್ಲಿ ಮೂರು ಬಡ್ಡಿಗೇ ಹೋಗಿ ಎರಡು ಮಾತ್ರ ಅಸಲಿಗೆ ಸೇರುತ್ತದೆ. ಹೀಗೆ ಕಟ್ಟುತ್ತ ಹೋದರೆ, ಕಾರ್ಡನ್ನು ಮತ್ತೆ ಒಮ್ಮೆಯೂ ಬಳಸದಿದ್ದರೂ, ಸಾಲ ಅರ್ಧಕ್ಕೆ ಇಳಿಯಲು ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ನೀವಂತೂ ಬಳಸುತ್ತಲೂ ಇರಬಹುದು. ಹಳೆಯ ಬಾಕಿ ಉಳಿದಿರುವ ಕಾರ್ಡಿನಲ್ಲಿ ಹೊಸದಾಗಿ ಏನನ್ನಾದರೂ ಕೊಂಡರೆ, ಸಾಮಾನ್ಯವಾಗಿ ಸಿಗುವ ಬಡ್ಡಿರಹಿತ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ ಶುರುವಾಗುತ್ತದೆ. ಆದ್ದರಿಂದ ಈ ತಿಂಗಳು ಮಾಡಬೇಕಾದ ಮೊದಲ ಕಡಿತ ಕಾರ್ಡಿನದೇ. ಎರಡನ್ನೂ ಪರ್ಸಿನಿಂದ ತೆಗೆದಿಡಿ, ಫೋನಿನ ಆ್ಯಪುಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರಗಳನ್ನು ಅಳಿಸಿ, ತಾವಾಗಿಯೇ ಹಣ ಕಡಿತವಾಗುವ ಚಂದಾಗಳನ್ನು ಒಂದೊಂದಾಗಿ ನಿಲ್ಲಿಸಿ.

ಇದರಲ್ಲಿ ಧೈರ್ಯ ಕೊಡುವ ಮಾತೂ ಒಂದಿದೆ. ಕನಿಷ್ಠ ಮೊತ್ತದಲ್ಲೇ ಆ ತಿಂಗಳ ಬಡ್ಡಿ ಸೇರಿರುವುದರಿಂದ, ಅದರ ಮೇಲೆ ನೀವು ಕಟ್ಟುವುದೆಲ್ಲ ನೇರವಾಗಿ ಅಸಲನ್ನು ಕಡಿಯುತ್ತದೆ. ಈಗ ಕಟ್ಟುತ್ತಿರುವ ಕಂತಿನ ಜೊತೆಗೆ ಸಂಬಳದ ಕಾಲು ಭಾಗವನ್ನು ಸೇರಿಸಿ, ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಇಳಿದರೂ ನಿಮ್ಮ ಕಂತನ್ನು ಇಳಿಸದೆ ಕಟ್ಟುತ್ತ ಹೋದರೆ, ಮೇಲಿನ ಬಡ್ಡಿಯ ಲೆಕ್ಕದಲ್ಲಿಯೂ ಎಲ್ಲ ಸಾಲವೂ ಸುಮಾರು ಒಂದು ವರ್ಷದೊಳಗೆ ತೀರುತ್ತದೆ. ಒಂದು ತಿಂಗಳಲ್ಲ, ಒಂದು ವರ್ಷ. ನಿಮ್ಮ ಪತ್ನಿಗೆ ಹೇಳಬೇಕಾದ ನಿಜವಾದ ಅವಧಿ ಇದು. ಒಂದು ವರ್ಷ ಬದುಕಲು ಆಗದಷ್ಟು ಬಿಗಿಯಾದ ಕಡಿತವನ್ನು ಮೊದಲ ತಿಂಗಳೇ ಮಾಡಿದರೆ ಎರಡನೆಯ ತಿಂಗಳು ಅದು ಹರಿದುಹೋಗುತ್ತದೆ. ಕಾಲು ಭಾಗ ಭಾರವಾದರೆ ಕಡಿಮೆ ಇಡಿ, ಇನ್ನು ಕೆಲವು ತಿಂಗಳು ಹೆಚ್ಚು ಹಿಡಿಯಲಿ.

ಠೇವಣಿಯ ವಿಷಯದಲ್ಲಿ ನಾನು ನಿಮ್ಮ ಮನಸ್ಸಿಗೆ ವಿರುದ್ಧವಾಗಿಯೇ ಹೇಳುತ್ತೇನೆ. ಅದು ವರ್ಷವಿಡೀ ತರುವ ಬಡ್ಡಿಯನ್ನು ಅಷ್ಟೇ ಮೊತ್ತದ ಕಾರ್ಡ್ ಬಾಕಿ ಎರಡು ಮೂರು ತಿಂಗಳಲ್ಲಿ ನುಂಗುತ್ತದೆ. ಕೂಡಿಟ್ಟದ್ದು ಇದೆ ಎಂಬ ಸಮಾಧಾನಕ್ಕೆ ನೀವು ದುಬಾರಿ ಬೆಲೆ ತೆರುತ್ತಿದ್ದೀರಿ. ಅವಧಿಗೆ ಮುನ್ನ ಮುರಿದರೆ ಕಳೆಯುವುದು ಎಷ್ಟು ಎಂದು ಬ್ಯಾಂಕಿನಲ್ಲಿ ಕೇಳಿ, ದಿಢೀರ್ ಖಾಯಿಲೆಗೋ ಇನ್ನೊಂದಕ್ಕೋ ಒಂದು ತಿಂಗಳ ಖರ್ಚಿನಷ್ಟನ್ನು ಬಿಟ್ಟುಕೊಂಡು, ಉಳಿದುದನ್ನು ಹೆಚ್ಚು ಬಡ್ಡಿಯಿರುವ ಕಾರ್ಡಿಗೆ ಕಟ್ಟುವುದು ಒಳ್ಳೆಯದು. ಆದರೆ ಪತ್ನಿಯ ಒಪ್ಪಿಗೆಯಿಲ್ಲದೆ ಅದನ್ನು ಮುರಿಯಬೇಡಿ. ಅವರಿಗೆ ತಿಳಿಯದಂತೆ ಇನ್ನೊಂದು ಹಣದ ತೀರ್ಮಾನ ಈ ಮನೆಯಲ್ಲಿ ಆಗಕೂಡದು. ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಾಗಿ ಬದಲಿಸಲು ಸಾಧ್ಯವೇ ಎಂದೂ ಕಾರ್ಡ್ ಕೊಟ್ಟ ಬ್ಯಾಂಕನ್ನು ಕೇಳಬಹುದು. ಒಪ್ಪುವ ಮೊದಲು ಶುಲ್ಕಗಳನ್ನೂ ಸೇರಿಸಿ ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಇನ್ನು ಮನೆಖರ್ಚು. ಕಡಿತವನ್ನು ನಿಮ್ಮಿಂದಲೇ ಆರಂಭಿಸಿ: ಹೊರಗಿನ ತಿಂಡಿ ಕಾಫಿ, ಒಬ್ಬರೇ ವಾಹನದಲ್ಲಿ ಓಡಾಡುವುದು, ಹೊಸ ಫೋನಿನ ಆಸೆ. ಮನೆಯ ಪಟ್ಟಿಯನ್ನು ಅದನ್ನು ಬರೆದವರೇ ತಿದ್ದಲಿ. ಈ ವಿಷಯದಲ್ಲಿ ಗಂಡಸರ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಹೊರಗಿನಿಂದ ಊಟ ತರಿಸುವುದನ್ನು ನಿಲ್ಲಿಸಿದರೆ ಆ ಹಣ ಉಳಿಯುತ್ತದೆ, ಆದರೆ ಆ ಊಟವನ್ನು ಯಾರೋ ಮಾಡಬೇಕು. ಮನೆಕೆಲಸಕ್ಕೆ ಬರುವವರನ್ನು ಬಿಡಿಸಿದರೆ ಆ ಪಾತ್ರೆಗಳನ್ನು ಯಾರೋ ತೊಳೆಯಬೇಕು. ಹೀಗೆ ಉಳಿದ ಹಣದಲ್ಲಿ ಬಹುಪಾಲು ಗೃಹಿಣಿಯ ಮೈಮುರಿದ ದುಡಿಮೆಯೇ ಆಗಿರುತ್ತದೆ, ಯಾವ ಲೆಕ್ಕದ ಪುಸ್ತಕದಲ್ಲೂ ಅದು ಬರುವುದಿಲ್ಲ. ರಕ್ತದೊತ್ತಡವಿರುವ ನಿಮ್ಮ ಪತ್ನಿಯ ಮೇಲೆ ಅದೆಲ್ಲವೂ ಬೀಳದಂತೆ, ಉಳಿಸುವ ಪ್ರತಿಯೊಂದು ಖರ್ಚಿನ ಕೆಲಸವನ್ನೂ ಯಾರು ಮಾಡುತ್ತಾರೆ ಎಂದು ಮೊದಲೇ ಹಂಚಿಕೊಳ್ಳಿ, ಸಂಜೆಯ ಅಡುಗೆಯಲ್ಲಿ ನಿಮ್ಮ ಪಾಲೂ ಇರಲಿ.

ಮುಂದೂಡಿದ ಖರ್ಚನ್ನು ಉಳಿತಾಯ ಎಂದು ಎಣಿಸಬೇಡಿ. ಹರಿದ ಚಪ್ಪಲಿಯನ್ನು ಈ ತಿಂಗಳು ಕೊಳ್ಳದಿದ್ದರೆ ಮುಂದಿನ ತಿಂಗಳು ಕೊಳ್ಳಲೇಬೇಕು. ಡಬ್ಬಿಗಳಲ್ಲಿರುವುದನ್ನು ಮೊದಲು ಖಾಲಿ ಮಾಡೋಣ ಎನ್ನುವುದು ಒಳ್ಳೆಯ ಯೋಚನೆಯೇ, ಆದರೆ ಖಾಲಿಯಾದ ಡಬ್ಬಿಯನ್ನು ಮತ್ತೆ ತುಂಬಿಸಬೇಕಾಗುತ್ತದೆ. ಹೀಗಾಗಿ ಮೊದಲ ತಿಂಗಳ ಮಿಗತೆ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಮುಂದೂಡಿದ್ದನ್ನು ಬೇರೆ ಹಾಳೆಯಲ್ಲಿ ಬರೆದಿಡಿ. ಉಳಿದ ಹಣವನ್ನು ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಬಿಡದೆ ಕೈಗೆ ಸಿಕ್ಕ ದಿನವೇ ಕಾರ್ಡಿಗೆ ಕಟ್ಟಿಬಿಡಿ. ಕಾರ್ಡಿನ ಬಡ್ಡಿಯನ್ನು ಸಾಮಾನ್ಯವಾಗಿ ದಿನದ ಬಾಕಿಯ ಮೇಲೆ ಲೆಕ್ಕ ಹಾಕುವುದರಿಂದ ಮುಂಚೆ ಕಟ್ಟಿದಷ್ಟೂ ಲಾಭ, ಖಾತೆಯಲ್ಲಿ ಉಳಿದ ಹಣಕ್ಕೆ ಖರ್ಚು ಹುಟ್ಟಿಕೊಳ್ಳುವುದೂ ತಪ್ಪುತ್ತದೆ. ಮೂವರಿಗೂ ಸ್ವಲ್ಪ ಕೈಖರ್ಚು ಇರಲಿ, ಅದಕ್ಕೆ ಯಾರೂ ಯಾರನ್ನೂ ಲೆಕ್ಕ ಕೇಳುವುದು ಬೇಡ. ಮನೆಯೊಳಗೆ ಪ್ರತಿ ನಾಣ್ಯಕ್ಕೂ ಉತ್ತರ ಕೊಡಬೇಕಾದ ಸ್ಥಿತಿ ಬಂದರೆ ಜನ ಮತ್ತೆ ಬಚ್ಚಿಡಲು ಕಲಿಯುತ್ತಾರೆ.

ಮಗಳಿಗೆ ಮೊತ್ತ ಹೇಳುವುದು ಬೇಡ, ವಿಷಯ ಹೇಳಿ. ನನಗೆ ಕೆಲಸವಿಲ್ಲದಾಗ ಸಾಲವಾಗಿತ್ತು, ಈಗ ತೀರಿಸುತ್ತಿದ್ದೇವೆ, ನಿನ್ನ ಓದಿಗೆ ತೊಂದರೆಯಿಲ್ಲ ಎಂದರೆ ಹತ್ತನೇ ತರಗತಿಯ ಹುಡುಗಿಗೆ ಅರ್ಥವಾಗುತ್ತದೆ. ಪ್ರವಾಸದ ತೀರ್ಮಾನವನ್ನು ಅವಳ ತ್ಯಾಗಕ್ಕೆ ಬಿಡಬೇಡಿ. ತಂದೆತಾಯಿ ಇಬ್ಬರೂ ಕೂತು ಶುಲ್ಕವನ್ನು ನೋಡಿ, ಸಾಧ್ಯವಿದ್ದರೆ ಕಳುಹಿಸಿ. ಸಾಧ್ಯವೇ ಇಲ್ಲದಿದ್ದರೆ ‘ಈ ಸಲ ಆಗುವುದಿಲ್ಲ’ ಎಂದು ನೀವೇ ಹೇಳಿ. ಬೇಡ ಎಂದವಳು ತಾನೇ ಎಂಬ ಭಾರ ಅವಳ ಮೇಲೆ ಉಳಿಯಬಾರದು.

ಯಾವುದನ್ನು ಮೊದಲು ತೀರಿಸಬೇಕು ಎಂದರೆ, ಎರಡೂ ಕಾರ್ಡುಗಳ ಕನಿಷ್ಠ ಮೊತ್ತವನ್ನು ತಪ್ಪದೆ ಗಡುವಿನೊಳಗೆ ಕಟ್ಟಿ, ಹೆಚ್ಚುವರಿಯನ್ನೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೆ ಹಾಕಿ; ಅದು ಮುಗಿದ ಮೇಲೆ ಅದೇ ಮೊತ್ತವನ್ನು ಎರಡನೆಯದಕ್ಕೆ. ಸ್ನೇಹಿತನ ಕೈಗಡಕ್ಕೆ ಬಡ್ಡಿ ಇಲ್ಲದ ಕಾರಣ ಲೆಕ್ಕದ ಪ್ರಕಾರ ಅದು ಕೊನೆಗೆ ಬರುತ್ತದೆ. ಆದರೆ ಕೊಟ್ಟವರು ಎರಡು ವರ್ಷದಿಂದ ಕೇಳದೆ ಇದ್ದಾರೆ ಎಂದರೆ ಅವರಿಗೆ ಅಗತ್ಯವಿಲ್ಲ ಎಂದರ್ಥವಲ್ಲ. ಪತ್ನಿಯೊಂದಿಗೆ ಮಾತಾಡಿದ ಮರುದಿನವೇ ಅವರಿಗೆ ಫೋನ್ ಮಾಡಿ, ಕಾರ್ಡುಗಳನ್ನು ಮೊದಲು ತೀರಿಸುತ್ತಿರುವುದನ್ನು ಹೇಳಿ, ಯಾವ ತಿಂಗಳಿಂದ ಎಷ್ಟೆಷ್ಟು ಕೊಡಬಲ್ಲಿರಿ ಎಂದು ತಿಳಿಸಿ. ಅಲ್ಲಿಯವರೆಗೆ ಕಾಯುವುದು ಅವರಿಗೆ ಕಷ್ಟ ಎಂದಾದರೆ, ಕಾರ್ಡಿಗೆ ಹಾಕುವುದರಲ್ಲಿ ಸ್ವಲ್ಪ ತೆಗೆದು ಈ ತಿಂಗಳಿಂದಲೇ ಅವರಿಗೂ ಒಂದು ಸಣ್ಣ ಕಂತು ಕೊಡಿ. ಅದರಿಂದ ಬಡ್ಡಿ ಸ್ವಲ್ಪ ಹೆಚ್ಚು ಹೋದರೂ ಚಿಂತೆಯಿಲ್ಲ.