ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಸೆಮಿಸ್ಟರ್ ಫಲಿತಾಂಶ ಬಂದ ವಾರ ಈ ಅಂಕಣಕ್ಕೆ ಪತ್ರಗಳ ಮಳೆ. ಸಾಗರದಿಂದ, ಭದ್ರಾವತಿಯಿಂದ, ಶಂಕರಘಟ್ಟದ ಹಾಸ್ಟೆಲಿನಿಂದ. ಪ್ರಶ್ನೆ ಮಾತ್ರ ಒಂದೇ: "ಡಾಕ್ಟ್ರೇ, ದೇವರ ಮೇಲಿನ ನನ್ನ ವಿಶ್ವಾಸ ಕಮ್ಮಿಯಾಗಿದೆಯಾ?" ನಾನು ಮನೋವೈದ್ಯ, ವಿಶ್ವಾಸ ತೂಗುವ ತಕ್ಕಡಿ ನನ್ನ ಹತ್ತಿರ ಇಲ್ಲ. ಆದರೆ ಹಿಂದಿನ ಬೆಂಚಿನಲ್ಲಾದರೂ ಕೂತು ಚರ್ಚಿನ ಭಾನುವಾರದ ಪೂಜೆ ತಪ್ಪಿಸದವನು. ಆ ಸಲಿಗೆಯಿಂದ ಈ ಸಲ ಸ್ವಲ್ಪ ಗದರುತ್ತೇನೆ.

ಪ್ರಶ್ನೆ: ಹೊಸನಗರ ಕಡೆಯವಳು. ಶಿವಮೊಗ್ಗದಲ್ಲಿ ಪಿಜಿಯಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದೇನೆ. ಎರಡು ಸಬ್ಜೆಕ್ಟ್ ಬ್ಯಾಕ್ ಆಗಿವೆ. ಒಂದು ತಿಂಗಳಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರ, ಊಟ ಸೇರುವುದಿಲ್ಲ. ಪ್ರಾರ್ಥನಾ ಗುಂಪಿನ ಆಂಟಿ ಹೇಳಿದಂತೆ ಶುಕ್ರವಾರ ಉಪವಾಸ, ಶನಿವಾರ ರಾತ್ರಿಯಿಡೀ ಪ್ರಾರ್ಥನೆ ಮಾಡುತ್ತಿದ್ದೇನೆ. ಆದರೂ ಅಳು ನಿಲ್ಲುತ್ತಿಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ನೋಡು ತಂಗಿ, ನಿದ್ದೆಗೆಟ್ಟವಳಿಗೆ ಜಾಗರಣೆ, ಊಟ ಬಿಟ್ಟವಳಿಗೆ ಉಪವಾಸ. ಈ ಚಿಕಿತ್ಸೆ ಬರೆದುಕೊಟ್ಟ ಆಂಟಿಗೆ ನನ್ನ ನಮಸ್ಕಾರ ತಿಳಿಸು. ಅವರ ಕಾಳಜಿ ನಿಜವೇ ಇರಬಹುದು, ಆದರೂ ಎರಡನ್ನೂ ಸದ್ಯಕ್ಕೆ ನಿಲ್ಲಿಸು. ಕಾಯಿಲೆಯವರಿಗೆ ಉಪವಾಸದ ಕಟ್ಟಳೆ ಇಲ್ಲ ಅಂತ ನಿನ್ನ ಫಾದರೇ ಹೇಳುತ್ತಾರೆ, ಕೇಳಿ ನೋಡು.

ಆಮೇಲೆ ಬೈಬಲ್ ತೆಗೆದು ಮೊದಲನೆಯ ಅರಸುಗಳು 19ನೇ ಅಧ್ಯಾಯ ಓದು. ಕರ್ಮೆಲ್ ಬೆಟ್ಟದಲ್ಲಿ ಬಾಳನ ಪ್ರವಾದಿಗಳ ಎದುರು ಗೆದ್ದು ಬಂದ ಪ್ರವಾದಿ ಎಲೀಯ, ರಾಣಿ ಈಜೆಬೆಲಳ ಒಂದು ಬೆದರಿಕೆಗೆ ಕಂಗೆಟ್ಟು ಓಡಿ, ಅರಣ್ಯದ ಗಿಡದ ಬುಡದಲ್ಲಿ ಬಿದ್ದು 'ಸಾಕು, ನನ್ನ ಪ್ರಾಣ ತೆಗೆದುಕೋ' ಅನ್ನುತ್ತಾನೆ. ಅವನ ವಿಶ್ವಾಸ ಕಮ್ಮಿಯಾಯಿತು ಅಂತ ಅಲ್ಲಿ ಯಾರೂ ಬೈಯುವುದಿಲ್ಲ. ಅವನು ಮಲಗುತ್ತಾನೆ. ದೇವದೂತ ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ. ತಿಂದು ಮತ್ತೆ ಮಲಗುತ್ತಾನೆ. ಮತ್ತೆ ಎಬ್ಬಿಸಿ, ದಾರಿ ದೂರ ಇದೆ ಅಂತ ಇನ್ನೊಮ್ಮೆ ತಿನ್ನಿಸುತ್ತಾನೆ. ಆಮೇಲೆ 40 ದಿನದ ನಡಿಗೆ. ದೇವರು ಮಾತಿಗೆ ಕೂರುವುದು ಅದೂ ಮುಗಿದ ಮೇಲೆ, 'ಇಲ್ಲೇನು ಮಾಡುತ್ತಿದ್ದೀ' ಅಂತ. ಎಲೀಯ ಒಂದೇ ದೂರನ್ನು ಎರಡು ಸಲ ಹೇಳುತ್ತಾನೆ, ದೇವರು ಎರಡು ಸಲವೂ ಕೇಳಿಸಿಕೊಳ್ಳುತ್ತಾನೆ. 'ನಾನೊಬ್ಬನೇ ಉಳಿದೆ' ಅಂದವನಿಗೆ ಇನ್ನೂ 7000 ಮಂದಿ ಇದ್ದಾರೆ ಅನ್ನುತ್ತಾನೆ, ಜೊತೆಗೆ ಶಿಷ್ಯನಾಗಿ ಎಲೀಷನನ್ನು ಕೊಡುತ್ತಾನೆ. ನಿದ್ದೆ, ಊಟ, ನಡಿಗೆ, ಮಾತು, ಜೊತೆಗೊಬ್ಬರು. ನಾನು ಚೀಟಿ ಬರೆದರೂ ಅನುಕ್ರಮ ಇದೇ.

ನಿನ್ನ ಮಟ್ಟಿಗೆ ಹೇಳುವುದಾದರೆ: ಏಳುವ ಹೊತ್ತು ಒಂದೇ ಇರಲಿ, ಎಷ್ಟು ಹೊತ್ತಿಗೆ ಮಲಗಿದರೂ. ಜಪಸರ ಹಿಡಿಯುವುದಿದ್ದರೆ ಸಂಜೆ ತುಂಗೆಯ ಕಡೆ ನಡೆಯುತ್ತಾ ಹಿಡಿ, ಮಧ್ಯರಾತ್ರಿ ಬೇಡ. ಪ್ರಾರ್ಥನೆಯಲ್ಲಿ ಧೈರ್ಯಸ್ಥೆಯ ವೇಷ ಹಾಕಬೇಡ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತುತಿಯ ಸಾಲೂ ಇಲ್ಲ. ಅಂಥದ್ದಕ್ಕೂ ಬೈಬಲಿನಲ್ಲಿ ಜಾಗ ಸಿಕ್ಕಿದೆ. ಬ್ಯಾಕ್ ಆದದ್ದನ್ನು ಈ ವಾರವೇ ಮನೆಯಲ್ಲಿ ಹೇಳು. ಮುಚ್ಚಿಟ್ಟ ಮಾರ್ಕ್ಸ್ ಕಾರ್ಡ್ ಕೆಡಿಸಿದಷ್ಟು ನಿದ್ದೆಯನ್ನು ಫೇಲಾದ ಪೇಪರ್ ಕೆಡಿಸಿದ್ದು ನಾನು ಕಂಡಿಲ್ಲ.

ಇಷ್ಟಾದರೂ ನಿನ್ನನ್ನು ವೈದ್ಯರು ನೋಡಲೇಬೇಕು. ಎರಡು ವಾರ ದಾಟಿದ ಇಂಥ ನಿದ್ದೆಗೇಡು, ಅಳು, ಊಟ ಸೇರದಿರುವುದು ಖಿನ್ನತೆ ಇರಬಹುದು. ಥೈರಾಯ್ಡ್, ರಕ್ತಹೀನತೆಯನ್ನೂ ಪರೀಕ್ಷೆ ಮಾಡಿಸಬೇಕು. ವಿಶ್ವಾಸಿಗಳಿಗೆ ಮಾತ್ರೆ ಯಾಕೆ ಅನ್ನುವವರಿಗೆ ನನ್ನದೊಂದು ಪ್ರಶ್ನೆ. ಮುಂಗಾರು ಹಿಡಿಯುವ ಮೊದಲೇ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಸುತ್ತೀರಿ, ಮಳೆ ನಡುವೆ ಹೊಳವಾದಾಗ ಇನ್ನೊಮ್ಮೆ ಹೊಡೆಸುತ್ತೀರಿ. ದೇವರ ಮೇಲೆ ಭಾರ ಹಾಕಿ ಅಡಿಕೆ ಕೊನೆಯನ್ನು ಕೊಳೆಗೆ ಬಿಟ್ಟವರು ನಿಮ್ಮಲ್ಲಿ ಯಾರಿದ್ದಾರೆ? ಮಗಳ ತಲೆಗೆ ಮಾತ್ರ ಯಾಕೆ ಬೇರೆ ನ್ಯಾಯ?

ಈ ವಿಷಯದಲ್ಲಿ ನನಗೆ ಸಿಟ್ಟು ಬೇಗ ಬರುತ್ತದೆ, ಕಾರಣ ಇದೆ. ವರ್ಷಗಳ ಹಿಂದೆ ನನ್ನಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಹುಡುಗನೊಬ್ಬ ಅದನ್ನು ಬಿಟ್ಟು, ಪ್ರಾರ್ಥನಾ ಕೂಟದ ವೇದಿಕೆ ಹತ್ತಿ 'ಗುಣವಾದೆ' ಅಂತ ಸಾಕ್ಷಿ ಹೇಳಿದ. ಮೂರೇ ವಾರಕ್ಕೆ ಮನೆಯವರು ರಾತ್ರೋರಾತ್ರಿ ಜೀಪಿನಲ್ಲಿ ಹಾಕಿಕೊಂಡು ಬಂದರು. ಚಪ್ಪಾಳೆ ತಟ್ಟಿದವರೊಬ್ಬರೂ ಆ ಜೀಪಿನಲ್ಲಿರಲಿಲ್ಲ.

'ಸತ್ತರೆ ಸಾಕು' ಅಂತ ಒಂದು ಸಲ ಅನ್ನಿಸಿದರೂ ಒಬ್ಬಳೇ ಇರಬೇಡ. ರೂಮಿನವಳನ್ನು ಎಬ್ಬಿಸು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಗಂಡಸಾಗಿ ಅಳುವುದು ಕ್ರೈಸ್ತನಿಗೆ ಶೋಭೆಯೇ?

ಉತ್ತರ: ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತ. ಮುಂದಿನ ಪ್ರಶ್ನೆ.

ಪ್ರಶ್ನೆ: ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಯಾವ ದುರಾತ್ಮ ಹಿಡಿದಿದೆ ಅಂತ ಹೇಳಿ, ಪ್ರಾರ್ಥಿಸಿದ ಎಣ್ಣೆ ಕೊರಿಯರ್ ಮಾಡುವವರಿದ್ದಾರೆ. ನಂಬಬಹುದೇ?

ಉತ್ತರ: ನಂಬರ್ ಬ್ಲಾಕ್ ಮಾಡಿ. ದುಡ್ಡು ಕಳಿಸಿದ್ದರೆ ಪೊಲೀಸರಿಗೆ ದೂರು ಕೊಡಿ.

ಪ್ರಶ್ನೆ: ಮಾತ್ರೆ ಶುರು ಮಾಡಿದರೆ ಜೀವಮಾನವಿಡೀ ಬಿಡಲಾಗದಂತೆ?

ಉತ್ತರ: ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡುವುದಕ್ಕೇ ಎರಡರಿಂದ ನಾಲ್ಕು ವಾರ ಬೇಕು. ಹುಷಾರಾದ ಮೇಲೂ ಕೆಲವು ತಿಂಗಳು ಮುಂದುವರಿಸಿ, ನಿಧಾನ ಇಳಿಸಿ ಹೆಚ್ಚಿನವರು ಬಿಡುತ್ತಾರೆ. ನೀವಾಗಿ ಒಂದೇ ದಿನ ನಿಲ್ಲಿಸಬೇಡಿ.

ಪ್ರಶ್ನೆ: ಕ್ಲಾಸಿನಲ್ಲಿ "ಎಷ್ಟು ಮೂಟೆ ಅಕ್ಕಿಗೆ ಕ್ರೈಸ್ತ ಮತಕ್ಕೆ ಸೇರಿದಿರಿ" ಅಂತ ದಿನಾ ಗೇಲಿ. ಕ್ಷಮಿಸಬೇಕು ಅಂತ ಗೊತ್ತು, ಆದರೂ ಒಳಗೇ ಕುದಿಯುತ್ತೇನೆ.

ಉತ್ತರ: ಕುದಿಯುವುದು ನಿನ್ನ ದೋಷವಲ್ಲ. ಕ್ಷಮಿಸಿದವನು ದೂರು ಕೊಡಬಾರದು ಅಂತ ಎಲ್ಲೂ ಬರೆದಿಲ್ಲ. ಯಾರು, ಯಾವ ದಿನ, ಏನಂದರು ಅಂತ ಬರೆದಿಟ್ಟುಕೋ. ನಿನ್ನ ಪರ ಮಾತಾಡಬಲ್ಲ ಗೆಳೆಯನೊಬ್ಬನನ್ನು ಕರೆದುಕೊಂಡು ಹೋಗಿ ಪ್ರಿನ್ಸಿಪಾಲರಿಗೆ ಬರವಣಿಗೆಯಲ್ಲಿ ಕೊಡು, ಒಂದು ಪ್ರತಿಗೆ ಸೀಲು ಹಾಕಿಸಿಕೊಂಡು ಬಾ.