ಮುಸ್ಸಂಜೆಯಲ್ಲಿ ಶಟಲ್ ಯಾಕೆ ಕೈತಪ್ಪುತ್ತದೆ?

ಪ್ರಶ್ನೆ: ಡಾಕ್ಟರೇ, ನನಗೆ 41 ವರ್ಷ. ಬಯಲಿನಲ್ಲಿ ಶಟಲ್ ಆಡುತ್ತೇನೆ. ಹಗಲಲ್ಲಿ ಏನೂ ತೊಂದರೆಯಿಲ್ಲ. ಹೊತ್ತು ಮುಳುಗಿದ ಮೇಲೆ ಶಟಲ್ ಕಾಣುತ್ತದೆ, ಆದರೆ ಬ್ಯಾಟ್ ಬೀಸುವಷ್ಟರಲ್ಲಿ ದಾಟಿ ಹೋಗಿರುತ್ತದೆ. ಪಕ್ಕದಿಂದ ಬಂದದ್ದಂತೂ ಸಿಗುವುದೇ ಇಲ್ಲ. ಕಣ್ಣು ಪರೀಕ್ಷೆಯಲ್ಲಿ ಎಲ್ಲ ಸರಿ ಇದೆ ಅಂದರು. ಗೆಳೆಯರು ‘ವಯಸ್ಸಾಯಿತು’ ಅನ್ನುತ್ತಾರೆ. ಹೌದೇ?

ಉತ್ತರ: ವಯಸ್ಸನ್ನು ಸುಮ್ನೆ ದೂರಬೇಡಿ. ಬೆಳಕು ಕಡಿಮೆಯಾದರೆ ಎಲ್ಲರ ಕಣ್ಣೂ ನಿಧಾನವಾಗುತ್ತದೆ. ಮಸುಕಾಗುವುದು ಎಲ್ಲರಿಗೂ ಗೊತ್ತು. ತಡವಾಗುವುದು ಗೊತ್ತಿರುವವರು ಕಡಿಮೆ.

ಮಂದ ಬೆಳಕಿನಲ್ಲಿ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾಕ್ಕೆ ಬೀಳುವ ಬೆಳಕು ಸಾಲುವುದಿಲ್ಲ. ಹನಿಗೂಡಿದರೆ ಹಳ್ಳ ಅಂತಾರಲ್ವಾ, ಹಾಗೆ ಅದು ಸ್ವಲ್ಪ ಹೊತ್ತು ಕೂಡಿಸಿಕೊಂಡೇ ಮಿದುಳಿಗೆ ಸುದ್ದಿ ಕಳಿಸುತ್ತದೆ. ಹಗಲಿಗಿಂತ 20 ಮಿಲಿಸೆಕೆಂಡ್ ತಡವಾಯಿತು ಅಂದುಕೊಳ್ಳಿ. ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಬರುವ ಶಟಲ್ ಅಷ್ಟರಲ್ಲಿ 40 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ನಿಮ್ಮ ಕೈ ಪಳಗಿರುವುದು ಹಗಲಿನ ಲೆಕ್ಕಕ್ಕೆ. ಅದಕ್ಕೇ ಬ್ಯಾಟ್ ತಪ್ಪುತ್ತದೆ.

ಇದನ್ನು ನೀವೇ ನೋಡಬಹುದು. ದಾರಕ್ಕೆ ಒಂದು ನಟ್ ಕಟ್ಟಿ ತೂಗುಹಾಕಿ. ಎರಡು ಮೀಟರ್ ದೂರ ನಿಂತು, ಅದು ಎಡಕ್ಕೂ ಬಲಕ್ಕೂ ನೇರ ಗೆರೆಯಲ್ಲಿ ತೂಗುವಂತೆ ಬಿಡಿ. ತಂಪು ಕನ್ನಡಕದ ಒಂದೇ ಗಾಜನ್ನು ಎಡಗಣ್ಣಿನ ಮುಂದೆ ಹಿಡಿದು, ಎರಡೂ ಕಣ್ಣು ತೆರೆದು ನೋಡಿ. ನಟ್ ಸುತ್ತು ಹಾಕಿದಂತೆ ಕಾಣುತ್ತದೆ! ಬಲಕ್ಕೆ ಹೋಗುವಾಗ ದೂರ, ಎಡಕ್ಕೆ ಬರುವಾಗ ಹತ್ತಿರ. ಗಾಜು ಬೆಳಕು ತಗ್ಗಿಸಿ ಎಡಗಣ್ಣಿನ ಸುದ್ದಿ ತಡವಾಗಿ ಬರುವುದರಿಂದ ಅದಕ್ಕೆ ನಟ್ ತೂಗುವ ದಾರಿಯಲ್ಲಿ ಒಂದು ಕೂದಲೆಳೆ ಹಿಂದೆ ಉಳಿದಂತೆ ಕಾಣುತ್ತದೆ. ಎರಡೂ ಕಣ್ಣಿನ ಆ ವ್ಯತ್ಯಾಸವನ್ನು ಮಿದುಳು ಆಳ ಎಂದು ಓದುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಜರ್ಮನಿಯ ಭೌತವಿಜ್ಞಾನಿ ಕಾರ್ಲ್ ಪುಲ್‌ಫ್ರಿಶ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ತಾನು ವಿವರಿಸಿದ್ದನ್ನು ಅವರು ಸ್ವತಃ ನೋಡಲೇ ಇಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

‘ಕತ್ತಲಿಗೆ ಕಣ್ಣು ಒಗ್ಗಿದರೆ ಸರಿಹೋಗುತ್ತಲ್ಲ?’ ಎಂದು ಹಲವರು ಕೇಳುತ್ತಾರೆ. ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಬಗೆ. ಹಗಲ ಬೆಳಕಿಗೆ ಕೆಲಸ ಮಾಡುವ ಕೋನ್ ಕೋಶಗಳು ಸುಮಾರು 10 ನಿಮಿಷದಲ್ಲಿ ಒಗ್ಗುತ್ತವೆ, ರಾಡ್ ಕೋಶಗಳಿಗೆ ಅರ್ಧ ಗಂಟೆಗೂ ಜಾಸ್ತಿ ಬೇಕು. ಆದರೆ ಒಗ್ಗಿದ ಕಣ್ಣು ಮಂದ ಬೆಳಕನ್ನು ಹಿಡಿಯುತ್ತದೆಯೇ ಹೊರತು ಚುರುಕಾಗುವುದಿಲ್ಲ. ಮಂದ ಬೆಳಕಿಗೆಂದೇ ಇರುವ ರಾಡ್‌ಗಳು ಕೋನ್‌ಗಳಿಗಿಂತ ನಿಧಾನ.

ಇನ್ನು ಪಕ್ಕದಿಂದ ಬರುವ ಶಟಲ್. ರೆಟಿನಾದ ನಟ್ಟನಡುವೆ ಕೋನ್‌ಗಳು ಒತ್ತೊತ್ತಾಗಿವೆ, ಅಂಚಿಗೆ ಹೋದಂತೆ ವಿರಳ. ಸಣ್ಣ ವಸ್ತು ಅಂಚಿನಲ್ಲಿ ಬಿದ್ದರೆ ಗಮನಿಸಿ ಕೈಯೆತ್ತಲು ಜಾಸ್ತಿ ಹೊತ್ತು ಹಿಡಿಯುತ್ತದೆ. ಕಗ್ಗತ್ತಲಲ್ಲಿ ಮಾತ್ರ ಆಟ ಉಲ್ಟಾ. ನಟ್ಟನಡುವೆ ರಾಡ್‌ಗಳಿಲ್ಲ, ಹಾಗಾಗಿ ಮಂಕು ನಕ್ಷತ್ರ ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಹಾಜರ್.

ನೀವು ದೀಪ ಹಾಕಿಸಿ ಆಡಿ, ಇಲ್ಲವೇ ಬೆಳಕಿರುವಾಗಲೇ ಮುಗಿಸಿ. ಒಂದು ಮಾತು ಮಾತ್ರ ಮರೆಯಬೇಡಿ. ಗಾಜು ಹಿಡಿಯದೆಯೇ ನಟ್ ಸುತ್ತು ಹಾಕಿದಂತೆ ಕಂಡರೆ, ಅಥವಾ ಹಗಲಲ್ಲೂ ಎದುರಿನ ವಾಹನದ ದೂರ ತಪ್ಪಾಗಿ ಕಂಡರೆ, ಒಂದು ಕಣ್ಣಲ್ಲಿ ಪೊರೆಯೋ ಕಣ್ಣಿನ ನರದ ಉರಿಯೂತವೋ ಇರಬಹುದು. ಆಗ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಿ, ನಟ್ಟಿನ ವಿಷಯವನ್ನೂ ಹೇಳಿ.